ಓದು ಕಲಿಸುವ ತರಬೇತಿ: ಮೊದಲು ಮಗುವಿನ ಓದು ಕೇಳಿ

ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಓದುತ್ತಿರುವ ಗೆಳೆಯರೇ, ಶಿಕ್ಷಕರ ತರಬೇತಿ ಅಂದ ಕೂಡಲೇ ನಾವು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ), ಬಿಆರ್‌ಸಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ), ಸಿಆರ್‌ಪಿ (ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಸಂಪನ್ಮೂಲ ವ್ಯಕ್ತಿ), ನಿಷ್ಠಾ (ಕೇಂದ್ರದ ಶಿಕ್ಷಕರ ತರಬೇತಿ ಕಾರ್ಯಕ್ರಮ), ದೀಕ್ಷಾ (ಆನ್‌ಲೈನ್ ಕಲಿಕಾ ತಾಣ) ಅಂತ ಹೆಸರು ಬರೆದು ಮುಂದೆ ಹೋಗುತ್ತೇವೆ. ತರಬೇತಿ ಮುಗಿಸಿ ಬಂದ ಟೀಚರ್‌ಗೆ ಏನು ಬರಬೇಕು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ನನ್ನ ಪ್ರಕಾರ, ಮಗು ಓದುವುದನ್ನು ಕೇಳಿ ಅದು ಎಲ್ಲಿ ಎಡವುತ್ತಿದೆ ಅಂತ ಗುರುತಿಸಲು ಬರಬೇಕು. ಉಳಿದದ್ದೆಲ್ಲ ಆಮೇಲೆ.

ಮೂರು ಮಕ್ಕಳನ್ನು ನೋಡೋಣ. ಒಬ್ಬಳು 'ಗಿಡ'ವನ್ನು 'ಗಡ' ಅಂತ ಓದಿದಳು. ಅವಳಿಗೆ ಗುಣಿತ ಗಟ್ಟಿಯಾಗಿಲ್ಲ. ಇನ್ನೊಬ್ಬ 'ಅಕ್ಕ'ವನ್ನು 'ಅಕ' ಅಂದ, ಅವನಿಗೆ ತೊಂದರೆ ಒತ್ತಕ್ಷರದ್ದು. ಮೂರನೆಯವನು ಪುಸ್ತಕದಲ್ಲಿ 'ಮರ' ಅಂತ ಇದ್ದರೂ ಚಿತ್ರ ನೋಡಿ 'ಗಿಡ' ಅಂದುಬಿಟ್ಟ. ಅವನು ಅಕ್ಷರದ ಕಡೆ ನೋಡಲೇ ಇಲ್ಲ. ಮೂವರಿಗೂ 'ಇನ್ನೊಂದ್ಸಲ ಓದು' ಅಂದರೆ ಏನೂ ಆಗುವುದಿಲ್ಲ ಅಲ್ವಾ?

ಕನ್ನಡದಲ್ಲಿ ಅಕ್ಷರ ಕಲಿಯಲು ಸಮಯ ಜಾಸ್ತಿ ಬೇಕು. 34 ವ್ಯಂಜನಕ್ಕೆ 13 ಸ್ವರ ಸೇರಿದರೇ 442 ರೂಪ, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರ ಕಲಿಕೆ ಒಂದೆರಡು ತರಗತಿಗೆ ಮುಗಿಯುವುದಿಲ್ಲ ಅಂತಲೇ ತೋರಿಸುತ್ತದೆ. ಹಾಗಾಗಿ ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಮಗುವನ್ನು ದಡ್ಡ ಅನ್ನಬೇಡಿ, ದಯವಿಟ್ಟು.

ಪರೀಕ್ಷೆಗೆ ಇದನ್ನು ನೆನಪಿಡಿ: 1986ರಲ್ಲಿ ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ ಹೇಳಿದ್ದು, ಓದು = ಅಕ್ಷರ ಬಿಡಿಸುವುದು × ಮಾತಿನ ಅರ್ಥ ತಿಳಿಯುವುದು. ಕೂಡುವುದಲ್ಲ, ಗುಣಿಸುವುದು, ಒಂದು ಸೊನ್ನೆಯಾದರೆ ಓದೂ ಸೊನ್ನೆ. ಉದಾಹರಣೆಗೆ, ನಲಿ-ಕಲಿಯಲ್ಲಿ (ನಮ್ಮ ಸರ್ಕಾರಿ ಶಾಲೆಗಳಲ್ಲಿ ಕಾರ್ಡ್, ಚಟುವಟಿಕೆಗಳಿಂದ ಕಲಿಸುವ ಪದ್ಧತಿ) ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಮನೆಯಲ್ಲಿ ಲಂಬಾಣಿ ಮಾತಾಡುವ ಶಿಕಾರಿಪುರ ಕಡೆಯ ತಾಂಡಾದ ಮಗು ಅವುಗಳಿಂದ 'ಗರಗಸ' ಅಂತ ಸಲೀಸಾಗಿ ಓದಬಹುದು, ಆದರೆ ಅದೇನು ಅಂತ ಗೊತ್ತಿಲ್ಲದೆ ಇರಬಹುದು. ಆ ಮಗುವಿಗೆ ಬೇಕಾದದ್ದು ಮಾತುಕತೆ, ಕಾಪಿ ಬರೆಸುವುದಲ್ಲ.

ಇನ್ನು ತರಬೇತಿ ಹೇಗಿರಬೇಕು. ಭಾಷಣ ಕೇಳಿ, ಮಾದರಿ ಪಾಠ ನೋಡಿ, ಅಲ್ಲೇ ಅಭ್ಯಾಸ ಮಾಡಿದರೂ ಅದು ತರಗತಿಯವರೆಗೆ ಬರುವುದು ಕಡಿಮೆ, ಜೊತೆಯವರು ತರಗತಿಗೇ ಬಂದು ನೋಡಿ ಹೇಳಿಕೊಟ್ಟಾಗ ಮಾತ್ರ ಉಳಿಯುತ್ತದೆ ಅಂತ ಶಿಕ್ಷಕರ ತರಬೇತಿಯ ಸಂಶೋಧಕರಾದ ಜಾಯ್ಸ್ ಮತ್ತು ಶವರ್ಸ್ 1980ರ ದಶಕದಲ್ಲೇ ಹೇಳಿದ್ದರು. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡ್ ತಯಾರಿಸಿದರು. ಅದಕ್ಕಿಂತ ದೊಡ್ಡ ತರಬೇತಿ ಬೇಕಾ?

ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ತರಬೇತಿಗೆ ಹೋದರೆ ಐದೂ ತರಗತಿ ಇನ್ನೊಬ್ಬರ ತಲೆ ಮೇಲೆ. ಅದೂ ಆಷಾಢದ ಮಳೆಯಲ್ಲಿ, ಮಕ್ಕಳ ಹಾಜರಾತಿಯೇ ಏರುಪೇರಾಗಿರುವಾಗ. ಅದರ ಬದಲು ಕ್ಲಸ್ಟರ್‌ನ ಶಿಕ್ಷಕರ ಸಮಾಲೋಚನಾ ಸಭೆಗೆ ಪ್ರತಿಯೊಬ್ಬರೂ ಒಂದು ಮಗು ಓದಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ತರಲಿ. ಮಗುವಿನ ಹೆಸರು ಬೇಡ. ಎಲ್ಲರೂ ಕೇಳಲಿ, ತಪ್ಪು ಯಾವ ಬಗೆಯದು ಅಂತ ಚರ್ಚಿಸಲಿ, ಮುಂದಿನ ಸಭೆಗೆ ಅದೇ ಮಗುವಿನ ಓದನ್ನು ಮತ್ತೆ ತರಲಿ. ಸಿಆರ್‌ಪಿ ಶಾಲೆಗೆ ಬಂದಾಗಲೂ ದಾಖಲೆ ಪುಸ್ತಕ ನೋಡುವ ಮೊದಲು ಒಂದಿಬ್ಬರು ಮಕ್ಕಳ ಪಕ್ಕ ಕೂತು ಓದಿಸಿ ಕೇಳಲಿ.