ನೆಯ್ ಕೊಳಲಿನ ಹಿಂದಿನ ತೂತು

ತುರ್ಕಿಯ ನೆಯ್ ಬಗ್ಗೆ ಬರೆಯುವವರಲ್ಲಿ ಬಹಳ ಮಂದಿ ಸಂಖ್ಯೆಗಳ ಮೋಡಿಗೆ ಬೀಳುತ್ತಾರೆ. 7 ತೂತು ಮನುಷ್ಯನ ತಲೆಯ 7 ರಂಧ್ರಗಳ ಸಂಕೇತವಂತೆ, 9 ಗಣಿಕೆಯಲ್ಲಿ, ಅಂದರೆ ಜೊಂಡಿನ ಗೆಣ್ಣುಗಳ ನಡುವಿನ ತುಂಡುಗಳಲ್ಲಿ, ಇನ್ನೇನೋ ಗುಟ್ಟಿದೆಯಂತೆ. ಪಕ್ಕದ ಇರಾನಿಗೆ ಹೋದರೆ ಈ ಲೆಕ್ಕ ಕೆಡುತ್ತದೆ. ಅಲ್ಲಿನ ನೆಯ್‌ಗೆ 7 ಗಣಿಕೆ. ತೂತು ಮುಂದೆ 5, ಹಿಂದೆ 1. ರೂಮಿಯ ಪರಂಪರೆಯ ಸೂಫಿಗಳಾದ ಮೆವ್ಲೆವಿ ದರ್ವೇಶಿಗಳಿಗೆ ತುರ್ಕಿಯ ನೆಯ್ ಆರಾಧನೆಯ ವಾದ್ಯ, ಆ ಭಕ್ತಿಗೆ ಗೌರವ ಸಲ್ಲಲೇಬೇಕು. ಆದರೆ ತೂತು ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವುದು ಕೊಳವೆಯೊಳಗಿನ ಗಾಳಿ.

ನೆಯ್ ಮಾಡುವವರ ಸೂತ್ರ ಸರಳ. ಅರುಂಡೊ ಡೋನಾಕ್ಸ್ ಎಂಬ ಜೊಂಡನ್ನು ಒಣಗಿಸಿ, ಒಳಗಿನ ಗೆಣ್ಣುಗಳನ್ನು ತೂತು ಮಾಡಿ, ಉದ್ದವನ್ನು 26 ಸಮಭಾಗ ಮಾಡುತ್ತಾರೆ. ಕೆಳತುದಿಯಿಂದ ಎಣಿಸಿ 4, 5, 6, 8, 9, 10ನೇ ಗುರುತಿನಲ್ಲಿ ಮುಂದಿನ 6 ತೂತು, 13ರಲ್ಲಿ ಹೆಬ್ಬೆರಳಿಗೆ ಹಿಂದಿನ ತೂತು. 78 ಸೆಂ.ಮೀ. ಜೊಂಡಾದರೆ ಒಂದು ಭಾಗ 3 ಸೆಂ.ಮೀ.; ಮೊದಲ ತೂತು 12 ಸೆಂ.ಮೀ.ನಲ್ಲಿ, ಹಿಂದಿನದು 39ರಲ್ಲಿ, ಸರಿಯಾಗಿ ನಟ್ಟನಡುವೆ.

ಕೊಳವೆ ಅರ್ಧವಾದರೆ ಕಂಪನ ಇಮ್ಮಡಿ. ಹಾಗಾದರೆ ಹಿಂದಿನ ತೂತು ಬಿಟ್ಟಾಗ ಮೇಲಿನ ಷಡ್ಜ ಬರಬೇಕಲ್ಲವೇ? ಬರುವುದಿಲ್ಲ. ಎಲ್ಲ ತೂತು ಮುಚ್ಚಿದಾಗ ಬರುವ ರಾಸ್ತ್ ಸ್ವರವನ್ನು ಷಡ್ಜ ಎಂದುಕೊಳ್ಳಿ. ಮೊದಲ ತೂತಿಗೆ ದುಗಾಹ್, ಅಂದರೆ ನಮ್ಮ ಚತುಃಶ್ರುತಿ ರಿಷಭ. ಆರನೆಯದಕ್ಕೆ ನೆವಾ, ಅಂದರೆ ಪಂಚಮ. ಹಿಂದಿನ ತೂತು ತಲುಪುವುದು ಅಜೆಮ್ ತನಕ, ನಮ್ಮ ಕೈಶಿಕಿ ನಿಷಾದದ ಆಸುಪಾಸು.

ಇದಕ್ಕೆ ಎರಡು ಕಾರಣ. ಎಮ್ಮೆಕೊಂಬಿನಲ್ಲಿ ಕಡೆದ ಬಾಷ್‌ಪಾರೆ ಎಂಬ ಬಾಯಿತುಂಡು ಮೇಲ್ತುದಿಯಲ್ಲಿ ಕೂರುತ್ತದೆ. ಅದು ಗಾಳಿಯ ಕಂಬವನ್ನು ಮೇಲ್ಗಡೆ ಮಾತ್ರ ಉದ್ದ ಮಾಡುವುದರಿಂದ ನಡುವಿನ ತೂತು ನಡುವಾಗಿ ಉಳಿಯುವುದಿಲ್ಲ. ಎರಡನೆಯದೇ ಮುಖ್ಯ. ತೂತು ಕೊಳವೆಗಿಂತ ಕಿರಿದು, ಅದರಲ್ಲಿನ ಗಾಳಿಯ ತುಣುಕಿಗೂ ಜಡತ್ವವಿದೆ, ಅಲುಗಲು ಅದು ಹಿಂಜರಿಯುತ್ತದೆ. ಜಾತ್ರೆ ಮುಗಿದಾಗ ಸಣ್ಣ ಬಾಗಿಲಲ್ಲಿ ಎಲ್ಲರೂ ಹಿಡಿಸದೆ ಕೆಲವರು ಮುಂದಿನ ಬಾಗಿಲಿನತ್ತ ಸಾಗುವಂತೆ, ಅಲೆಯ ಒಂದು ಪಾಲು ತೂತನ್ನು ದಾಟಿ ಕೆಳಗಿಳಿಯುತ್ತದೆ. ಹಾಗಾಗಿ ಕೊಳವೆ ತೂತಿಗಿಂತ ಕೆಳಗೆಲ್ಲೋ ಮುಗಿದಂತೆ ವರ್ತಿಸಿ ಸ್ವರ ಇಳಿಯುತ್ತದೆ. ತೂತು ಹಿಗ್ಗಿಸಿದರೆ ಸ್ವರ ಏರುತ್ತದೆ. ಸ್ವರ ತಗ್ಗಿದ್ದರೆ ತೂತಿನ ಮೇಲಂಚನ್ನು ಕೆರೆಯುವುದು ಇದೇ ಕಾರಣಕ್ಕೆ. ಹೆಚ್ಚು ಕೆರೆದರೆ ಮೇಣ ತುಂಬಿ ಸರಿಪಡಿಸುವ ಪಾಡು. ಆದ್ದರಿಂದ ಮೊದಲು ಚಿಕ್ಕದಾಗಿ ಕೊರೆಯುವುದೇ ಜಾಣತನ.

ಬಾಷ್‌ಪಾರೆ ತುರ್ಕಿಯ ವೈಶಿಷ್ಟ್ಯ. ಅರಬ್ಬರು ಜೊಂಡಿನ ಬರಿಯ ಅಂಚಿಗೇ ತುಟಿ ಹಚ್ಚುತ್ತಾರೆ, ಇರಾನಿಗರು ಅಂಚನ್ನು ಹಲ್ಲಿಗೆ ಕಚ್ಚಿಕೊಂಡು ನಾಲಿಗೆಯಿಂದ ಗಾಳಿಯನ್ನು ತಿರುಗಿಸುತ್ತಾರೆ. ಮೂರು ಕಡೆಯೂ ತತ್ತ್ವ ಒಂದೇ, ಗಾಳಿಯ ಎಳೆ ಅಂಚಿಗೆ ಬಡಿದು ಒಳಗೂ ಹೊರಗೂ ತೂಗಾಡಬೇಕು. ನಾದದ ಬಣ್ಣ ಮಾತ್ರ ಬೇರೆ ಬೇರೆ.

ತುರ್ಕರ ಮತ್ತು ಅರಬ್ಬರ ನಡುವಿನ ನಿಜವಾದ ಜಗಳ ಇದ್ದದ್ದು ಸೆಗಾಹ್ ಸ್ವರದಲ್ಲಿ. ತುರ್ಕಿಯ ಸಿದ್ಧಾಂತದಲ್ಲಿ ಅದು ರಾಸ್ತ್‌ನಿಂದ ಸುಮಾರು 384 ಸೆಂಟ್ (ಒಂದು ಸಪ್ತಕಕ್ಕೆ 1200 ಸೆಂಟ್), ನಮ್ಮ ಅಂತರ ಗಾಂಧಾರಕ್ಕೆ (386) ಅಂಟಿಕೊಂಡಂತೆಯೇ. ಅರಬ್ಬರ ಸೀಕಾಹ್ ಅದಕ್ಕಿಂತ ತಗ್ಗು. ಸಪ್ತಕವನ್ನು 24 ಸಮಭಾಗ ಮಾಡಿದರೆ ಅದು 350ಕ್ಕೆ ಬೀಳುತ್ತದೆ. 1932ರ ಕೈರೋ ಸಂಗೀತ ಸಮ್ಮೇಳನದಲ್ಲಿ ಈ ಸಮಭಾಗದ ಪ್ರಶ್ನೆ ದೊಡ್ಡ ಚರ್ಚೆಯಾಯಿತು. ತುರ್ಕಿಯಿಂದ ಹೋಗಿದ್ದ ರವೂಫ್ ಯೆಕ್ತಾ ಬೇ 24 ಅಸಮ ಅಂತರಗಳ ಸಿದ್ಧಾಂತಿ, ಸ್ವತಃ ನೆಯ್ ವಾದಕ. ನೆಯ್ ನುಡಿಸುವವರಿಗೆ ಸಮಭಾಗದ ವಾದ ರುಚಿಸುವುದು ಕಷ್ಟ. ತೂತು ಒರಟು ಸ್ಥಾನವನ್ನಷ್ಟೇ ಕೊಡುತ್ತದೆ. ತಲೆಯನ್ನು ತುಸು ವಾಲಿಸಿ ತುಟಿಯಿಂದ ಬಾಷ್‌ಪಾರೆಯ ಬಾಯನ್ನು ಹೆಚ್ಚು ಮುಚ್ಚಿದರೆ ಅದೇ ತೂತಿನಲ್ಲಿ ಸ್ವರ ಇಳಿಯುತ್ತದೆ, ತೆರೆದರೆ ಏರುತ್ತದೆ. ಇಸ್ತಾಂಬುಲ್‌ನ ಸೆಗಾಹ್, ಕೈರೋದ ಸೀಕಾಹ್ ಎರಡನ್ನೂ ಒಂದೇ ಜೊಂಡಿನಲ್ಲಿ ನುಡಿಸಬಹುದು.