ಚಳ್ಳಕೆರೆಯ ಕಾವಲಿಗೆ ಗೋಡೆ ಬಂದ ಬಗೆ

ಏಳು ಸುತ್ತಿನ ಕೋಟೆಯ ಚಿತ್ರದುರ್ಗಕ್ಕೆ ಗೋಡೆ ಹೊಸದೇನಲ್ಲ. ಆದರೆ ಚಳ್ಳಕೆರೆ ಸೀಮೆಯ ಕುರಿಗಾರರಿಗೆ ಬೇಲಿ ಎಂದರೆ ರೊಪ್ಪದ ಬೇಲಿ. ಜಾಲಿಮುಳ್ಳು ತಂದು ಸುತ್ತ ಒಡ್ಡಿ, ಸಂಜೆ ಮಂದೆ ಒಳಗಾದ ಮೇಲೆ ಬಾಯಿಗೊಂದು ಮುಳ್ಳುಕಂಟಿ ಎಳೆದರೆ ಆಯಿತು. ಬೆಳಿಗ್ಗೆ ಅದನ್ನು ಸರಿಸಿದರೆ ಮುಂದೆಲ್ಲ ಕಾವಲು, ಅಂದರೆ ಮೇವಿನ ಬಯಲು.

ಆ ಕಾವಲು ಊರಿನವರ ಸ್ವತ್ತೇನೂ ಆಗಿರಲಿಲ್ಲ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲದು. ಟಿಪ್ಪು ಆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟ. ಅವನ ಸೈನ್ಯದ ಫಿರಂಗಿ ಎಳೆಯುತ್ತಿದ್ದುದು ಈ ತಳಿಯ ಎತ್ತುಗಳು. 1799ರ ನಂತರ ಬ್ರಿಟಿಷರೂ ಅದನ್ನು ನಡೆಸಿಕೊಂಡು ಬಂದರು. ಖರ್ಚು ಉಳಿಸಲು 1860ರಲ್ಲಿ ದನಗಳನ್ನು ಚದುರಿಸಿ, ಸೈನ್ಯಕ್ಕೆ ಎತ್ತು ಸಾಲದೆ 1866ರಲ್ಲಿ ಮತ್ತೆ ಕೂಡಿಸಿದ ಕತೆಯೂ ಇದೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ತಡೆ ಇದ್ದದ್ದು ಋತುವಿನ ಲೆಕ್ಕದಲ್ಲಿ, ಕಲ್ಲಿನಲ್ಲಲ್ಲ.

ಸ್ವಾತಂತ್ರ್ಯದ ನಂತರ ಟ್ರ್ಯಾಕ್ಟರು, ಟ್ರಕ್ಕು ಬಂದು ಎತ್ತಿಗೆ ಬೆಲೆ ಕುಸಿಯಿತು. ಬಗರ್‌ಹುಕುಂ ಸಾಗುವಳಿ ಅಂಚಿನಿಂದ ತಿನ್ನತೊಡಗಿತು. ಕಾವಲು ಕರಗಿದ್ದರಲ್ಲಿ ಊರಿನವರ ಪಾಲೂ ಇದೆ, ಅದನ್ನು ಮರೆಮಾಚಬೇಕಿಲ್ಲ. ಆದರೂ ಉಳಿದ ಹುಲ್ಲೇ ಸುತ್ತಲ ಹಳ್ಳಿಗಳ ದನ, ಕುರಿಗಳಿಗೆ, ಚಳ್ಳಕೆರೆ ಕಂಬಳಿಯ ಉಣ್ಣೆಗೆ ಆಸರೆ. ಮಳೆ ಇಲ್ಲಿ ರಾಜ್ಯದಲ್ಲೇ ತೀರಾ ಕಡಿಮೆ.

ಸುಮಾರು 2007ರಿಂದ ಮುಂದೆ ಹತ್ತು ಸಾವಿರ ಎಕರೆಯಷ್ಟು ಕಾವಲು ಹಂಚಿಕೆಯಾಯಿತು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಉಳ್ಳಾರ್ತಿ ಕಾವಲಿನಲ್ಲಿ 1,810, ಇಸ್ರೋಗೆ 573. ಬಯಲು ವಿಶಾಲ, ಜನವಸತಿ ವಿರಳ. ಪಹಣಿಯಲ್ಲಿ ಸರ್ಕಾರದ ಹೆಸರಿದ್ದುದರಿಂದ ರೈತರಿಂದ ಕೊಳ್ಳುವ, ಪರಿಹಾರ ಕೊಡುವ ತಾಪತ್ರಯವೂ ಇಲ್ಲ. ನನ್ನ ಮಟ್ಟಿಗೆ ಗುಟ್ಟಿರುವುದು ಇಲ್ಲೇ: ಶತಮಾನಗಳಿಂದ ದನ ಮೇಯಿಸಿದವನ ಹೆಸರು ಯಾವ ಕಾಲಂನಲ್ಲೂ ಇರಲಿಲ್ಲ. ಹಾಗಾಗಿ ಹಲವರಿಗೆ ಹಂಚಿಕೆಯ ಸುದ್ದಿ ತಲುಪಿದ್ದು ಕಾಂಪೌಂಡ್ ಏಳುವಾಗಲೇ.

ಪ್ರತಿಭಟನೆ ನಡೆಯಿತು, ದಾವೆ ಹೂಡಿದ್ದಾಯಿತು. 2014ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತೀರ್ಪು ಕೊಟ್ಟಿತು, ಯೋಜನೆಗಳು ರದ್ದಾಗಲಿಲ್ಲ. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆಯ ಉಡಾವಣಾ ವಾಹನ 2023ರ ಏಪ್ರಿಲ್ 2ರಂದು ಮೊದಲ ಬಾರಿಗೆ ತಾನಾಗಿ ನೆಲಕ್ಕಿಳಿದದ್ದು ಅಲ್ಲಿಯ ರನ್‌ವೇ ಮೇಲೆ.