‘ಪೆಟ್ ಸೌಂಡ್ಸ್’ ಕೇಳಿದೆ, ಏನೂ ಅನ್ನಿಸಲಿಲ್ಲ. ತಪ್ಪು ನನ್ನದಾ?

ಪ್ರಶ್ನೆ: ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಜಗತ್ತಿನ ದೊಡ್ಡ ಆಲ್ಬಂಗಳಲ್ಲಿ ಒಂದು ಅಂತ ಎಲ್ಲ ಕಡೆ ಓದಿದ್ದೆ. ಎರಡು ಸಲ ಕೇಳಿದೆ. ಇಂಪಾಗಿದೆ, ಅಷ್ಟೇ. ಇದರಲ್ಲಿ ಅಂಥದ್ದೇನಿದೆ?

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ‘ಇಂಪಾಗಿದೆ, ಅಷ್ಟೇ.’ 2025ರ ಜೂನ್ 11ರಂದು, ಈ ಆಲ್ಬಂ ಕಟ್ಟಿದ ಬ್ರಯನ್ ವಿಲ್ಸನ್ ತೀರಿಕೊಂಡ ಮೇಲೆ ಇದನ್ನು ಮೊದಲ ಸಲ ಹಾಕಿ ಕೇಳಿದವರು ನನ್ನ ಪರಿಚಯದಲ್ಲೇ ಹಲವರು. ಅವರದ್ದೂ ಇದೇ ಮಾತು. ನಾನೂ ಮೊದಲ ಸಲ ಬಸ್ಸಿನಲ್ಲಿ ಕೇಳಿ, ಮೂರನೇ ಹಾಡಿಗೆ ನಿದ್ದೆ ಹೋದವನೇ. ಹಾಗಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ.

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ನೀವು ಕೇಳಿದ್ದು ಹಾಡಿನ ಮೇಲಿನ ಅರ್ಧ. ಈ ಆಲ್ಬಂನಲ್ಲಿ ಹಾಡುವವರ ದನಿ ಎಷ್ಟು ಸಿಹಿಯೋ, ಅದರ ಕೆಳಗಿನ ನೆಲ ಅಷ್ಟೇ ಅಲುಗಾಡುತ್ತಿರುತ್ತದೆ. ಮಜಾ ಇರುವುದು ಈ ಎರಡರ ಜಗಳದಲ್ಲಿ. ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಕೆಳಗಿನದು ಕಿವಿಗೆ ಬೀಳುವುದೇ ಇಲ್ಲ. ಉಳಿಯುವುದು ಸುಮ್ನೆ ಇಂಪು.

ಇನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೀಚ್ ಬಾಯ್ಸ್ ಅಂದರೆ ಕ್ಯಾಲಿಫೋರ್ನಿಯಾದ ಹಾಥಾರ್ನ್ ಊರಿನ ಮೂವರು ಅಣ್ಣತಮ್ಮಂದಿರು, ಅವರ ಚಿಕ್ಕಮ್ಮನೋ ಅತ್ತೆಯೋ ಕಡೆಯಿಂದ ಬಂದ ಕಸಿನ್ ಮೈಕ್ ಲವ್, ಮತ್ತು ಗೆಳೆಯ ಅಲ್ ಜಾರ್ಡೀನ್. ಸಮುದ್ರ, ಸರ್ಫಿಂಗ್, ಕಾರು, ಹುಡುಗಿಯರು, ಇಷ್ಟೇ ಇವರ ಹಾಡುಗಳ ಸರಕು. ತಮಾಷೆ ಅಂದರೆ ಅಣ್ಣತಮ್ಮಂದಿರಲ್ಲಿ ನಿಜವಾಗಿ ಅಲೆಯ ಮೇಲೆ ನಿಲ್ಲುತ್ತಿದ್ದವನು ನಡುವಿನವನಾದ ಡೆನಿಸ್ ಒಬ್ಬನೇ. ಹಿರಿಯವನಾದ ಬ್ರಯನ್ ಹಾಡು ಕಟ್ಟುತ್ತಿದ್ದ, ವೇದಿಕೆಯಲ್ಲಿ ತಗ್ಗು ಸ್ವರಗಳ ಬೇಸ್ ಗಿಟಾರ್ ನುಡಿಸುತ್ತಿದ್ದ. ಈ ಬೇಸ್ ಗಿಟಾರ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1964ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್‌ಗೆ ಹೋಗುವ ವಿಮಾನದಲ್ಲಿ ಬ್ರಯನ್ ಗಾಬರಿಯಿಂದ ಕುಸಿದುಹೋದ. ವಯಸ್ಸು 22. ಅದಾದ ಮೇಲೆ ಊರೂರು ತಿರುಗುವುದನ್ನು ಬಿಟ್ಟು ಸ್ಟುಡಿಯೋದಲ್ಲೇ ಉಳಿದ. 1966ರ ಜನವರಿಯಲ್ಲಿ ತಂಡದ ಉಳಿದವರು ಜಪಾನ್‌ನಲ್ಲಿ ಹಾಡುತ್ತಿದ್ದರೆ, ಇವನು ಹಾಲಿವುಡ್‌ನ ಸ್ಟುಡಿಯೋದಲ್ಲಿ ಬಾಡಿಗೆ ವಾದಕರನ್ನು ಕೂಡಿಸಿಕೊಂಡು ಟ್ರ್ಯಾಕ್ ಮಾಡುತ್ತಿದ್ದ. ಹಿಂದಿನ ವರ್ಷದ ಕೊನೆಗೆ ಬೀಟಲ್ಸ್‌ನ ‘ರಬ್ಬರ್ ಸೋಲ್’ ಕೇಳಿದ್ದ. ಒಂದೂ ಕಳಪೆ ಹಾಡಿಲ್ಲದ ಇಡೀ ಆಲ್ಬಂ ಮಾಡಬಹುದು ಎನ್ನುವುದೇ ಅವನಿಗೆ ಹೊಸ ವಿಷಯ. ಆಗೆಲ್ಲ ಆಲ್ಬಂ ಅಂದರೆ ಎರಡು ಹಿಟ್ ಹಾಡು, ಜೊತೆಗೆ ಹತ್ತು ಭರ್ತಿಗೆ.

ಈಗ ಆ ನೆಲದ ವಿಷಯ. ಅದಕ್ಕೆ ಒಂದೇ ಹಾಡು ಸಾಕು, ‘ಗಾಡ್ ಓನ್ಲಿ ನೋಸ್’. ಎಲ್‌ಪಿಯ ಎರಡನೇ ಬದಿಯ ಮೊದಲ ಹಾಡು. ಮೂರು ನಿಮಿಷವೂ ಇಲ್ಲ. ಹಾಡಿದವನು ಕಿರಿಯ ತಮ್ಮ ಕಾರ್ಲ್, ಆಗ ಅವನಿಗೆ 19 ವರ್ಷ. ಸುಮಾರು 20 ಜನ ವಾದಕರು ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದಾರೆ. ಶುರುವಿಗೆ ಫ್ರೆಂಚ್ ಹಾರ್ನ್, ಹಿಂದೆ ಗೆಜ್ಜೆಯಂಥ ಗಂಟೆಗಳ ಸದ್ದು. ಪ್ರೇಮಗೀತೆ, ಆದರೆ ಮೊದಲ ಸಾಲಿನಲ್ಲೇ ಹುಡುಗ ‘ನಾನು ಯಾವಾಗಲೂ ನಿನ್ನನ್ನು ಪ್ರೀತಿಸದೇ ಇರಬಹುದು’ ಅನ್ನುತ್ತಾನೆ. ಅದರ ಮುಂದಿನ ಮಾತಿನಲ್ಲಿ ಅದನ್ನು ತಿರುಗಿಸಿ ಸರಿಮಾಡುತ್ತಾನೆ, ಅದು ಬೇರೆ. ಆದರೆ ಒಂದು ಕ್ಷಣ ನಿಮ್ಮ ಕಾಲಡಿಯ ಮಣ್ಣು ಜಾರಿರುತ್ತದೆ.

ಮಾತು ಮಾಡಿದ್ದನ್ನೇ ಸಂಗೀತವೂ ಮಾಡುತ್ತದೆ.

ನಮ್ಮ ಕಿವಿ ಶ್ರುತಿ ಕೇಳಿ ಬೆಳೆದದ್ದು. ದೇವರನಾಮ ಆಗಲಿ, ಕಛೇರಿ ಆಗಲಿ, ಹಿಂದೆ ತಂಬೂರಿಯೋ ಶ್ರುತಿ ಪೆಟ್ಟಿಗೆಯೋ ‘ಸ’ ಹಿಡಿದು ಕೂತಿರುತ್ತದೆ. ಹಾಡುವವರು ಎಲ್ಲಿಗೇ ಹೋಗಲಿ, ಮನೆ ಎಲ್ಲಿದೆ ಅಂತ ನಮಗೆ ಗೊತ್ತು. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ತಂಬೂರಿ ಇಲ್ಲ. ಅಲ್ಲಿ ಮನೆ ತೋರಿಸುವ ಕೆಲಸ ಬೇಸ್ ಗಿಟಾರ್‌ನದ್ದು. ಮೇಲೆ ಸಿ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇದ್ದರೆ ಕೆಳಗೆ ಬೇಸ್ ಸಿ ಸ್ವರವನ್ನೇ ನುಡಿಸುತ್ತದೆ. ಗಿಟಾರ್ ಕಲಿಸುವವರು ಇದನ್ನು ರೂಟ್ ಅನ್ನುತ್ತಾರೆ. ರೂಟ್ ಕೇಳಿದರೆ ಕಿವಿ ನೆಮ್ಮದಿಯಾಗಿ ಕಾಲು ಚಾಚುತ್ತದೆ.

ಬ್ರಯನ್ ಇಲ್ಲಿ ಮಾಡುವುದು ಒಂದು ಸಣ್ಣ ಕಿತಾಪತಿ. ಕಾರ್ಡ್ ಒಂದು, ಬೇಸ್‌ಗೆ ಅದೇ ಕಾರ್ಡಿನ ಬೇರೆ ಸ್ವರ. ಕುರ್ಚಿ ಅದೇ, ಒಂದು ಕಾಲು ಮಾತ್ರ ಗಿಡ್ಡ. ಬೀಳುವುದಿಲ್ಲ, ಆದರೆ ಆರಾಮಾಗಿ ಕೂರಲೂ ಆಗುವುದಿಲ್ಲ. ‘ಗಾಡ್ ಓನ್ಲಿ ನೋಸ್’ ಉದ್ದಕ್ಕೂ ಹೀಗೇ. ಹಾಡು ಇರುವುದು ಇ ಶ್ರುತಿಯಲ್ಲೋ, ಎ ಶ್ರುತಿಯಲ್ಲೋ ಅಂತ ಸಂಗೀತ ಬಲ್ಲವರೇ ಇವತ್ತಿಗೂ ವಾದ ಮಾಡುತ್ತಾರೆ. ಅದು ಸಾಲದು ಅಂತ ನಡುವೆ ಶ್ರುತಿಯೇ ಬದಲಾಗಿ, ಮಾತಿಲ್ಲದೆ ಬರೀ ದನಿಗಳು ಒಂದರ ಮೇಲೊಂದು ಏರಿ, ಮತ್ತೆ ಮೊದಲಿನ ಜಾಗಕ್ಕೆ ಬಂದಿಳಿಯುತ್ತವೆ.

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಹಾಡು ಹಾಕಿಕೊಂಡು, ನಿಮಗೆ ‘ಸ’ ಅನ್ನಿಸಿದ ಸ್ವರ ಹಿಡಿದು ಅದನ್ನೇ ಗುನುಗುತ್ತಾ ಇರಿ. ಒಂದು ಸಾಲಿಗೆ ಸರಿಹೋಗುತ್ತದೆ. ಮುಂದಿನ ಸಾಲಿಗೆ ಅಡ್ಡ ಬರುತ್ತದೆ. ನೀವು ಶ್ರುತಿ ತಪ್ಪಿಲ್ಲ. ಹಾಡು ನಿಮ್ಮ ಕೆಳಗಿನಿಂದ ಚಾಪೆ ಎಳೆದಿದೆ.

ಇಷ್ಟೆಲ್ಲ ಆದರೂ ಕಾರ್ಲ್‌ನ ದನಿ ಮಾತ್ರ ಏನೂ ಆಗಿಲ್ಲವೆಂಬಂತೆ ಹಾಡುತ್ತಾ ಹೋಗುತ್ತದೆ. ಅಲ್ಲೇ ಇರುವುದು ಗಮ್ಮತ್ತು. ರಾಗವೂ ಕಷ್ಟದ್ದಾಗಿದ್ದರೆ ಇದು ಸಂಗೀತ ವಿದ್ಯಾರ್ಥಿಗಳ ಪಾಠವಾಗಿಬಿಡುತ್ತಿತ್ತು. ರಾಗ ಮಗುವಿಗೂ ಬಾಯಿಗೆ ಬರುವಷ್ಟು ಸರಳ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಇದು ತನಗೆ ತುಂಬ ಇಷ್ಟದ ಹಾಡು ಅಂತ ಹೇಳುತ್ತಲೇ ಬಂದಿದ್ದಾನೆ. ಅವನೂ ಬೇಸ್ ನುಡಿಸುವವನೇ, ಅಲ್ವಾ!

ಇಳಯರಾಜಾ ಹಾಡುಗಳಲ್ಲಿ ಬೇಸ್ ಗಿಟಾರ್ ಸುಮ್ಮನೆ ತಾಳ ಹಾಕುತ್ತಾ ಕೂರದೆ ತನ್ನದೇ ಇನ್ನೊಂದು ಹಾಡು ಹಾಡುತ್ತಿರುತ್ತದೆ, ಗಮನಿಸಿರಬಹುದು. ಆ ಅಭ್ಯಾಸ ಇರುವವರಿಗೆ ಈ ಆಲ್ಬಂ ಬೇಗ ಕೈಗೆ ಸಿಗುತ್ತದೆ. ಸ್ಟುಡಿಯೋದಲ್ಲಿ ಬ್ರಯನ್ ಬೇಸ್ ತಾನೇ ನುಡಿಸದೆ ಕ್ಯಾರೊಲ್ ಕೇ ಅಂಥ ಪಳಗಿದ ವಾದಕರಿಗೆ ಕೊಡುತ್ತಿದ್ದ. ಹಲವು ಕಡೆ ನಿಲ್ಲಿಸಿ ನುಡಿಸುವ ಮರದ ದೊಡ್ಡ ಬೇಸ್ ಮತ್ತು ಎಲೆಕ್ಟ್ರಿಕ್ ಬೇಸ್ ಎರಡೂ ಒಟ್ಟಿಗೇ ಇವೆ. ‘ಹಿಯರ್ ಟುಡೇ’ ಹಾಡಿನಲ್ಲಿ ಬೇಸ್ ಮೇಲಿನ ಸ್ಥಾಯಿಗೆ ಹತ್ತಿ, ಗಾಯಕನ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಅದೇ ಹಾಡಿನ ನಡುವೆ ಕಿವಿಗೊಟ್ಟರೆ ಸ್ಟುಡಿಯೋದಲ್ಲಿ ಯಾರೋ ಮಾತಾಡುವುದೂ ಕೇಳಿಸುತ್ತದೆ, ಅಳಿಸದೆ ಹಾಗೇ ಬಿಟ್ಟಿದ್ದಾರೆ. ‘ಡೋಂಟ್ ಟಾಕ್’ ಇನ್ನೂ ಚೆಂದ. ನನ್ನ ಎದೆಬಡಿತ ಕೇಳು ಎಂಬ ಅರ್ಥದ ಸಾಲು ಬರುತ್ತದೆ. ಎಲ್ಲ ಹಿಂದೆ ಸರಿದು ಬೇಸ್ ಮಾತ್ರ ಡುಬ್ ಡುಬ್ ಅನ್ನುತ್ತದೆ. ಫೋನ್ ಸ್ಪೀಕರ್‌ನಲ್ಲಿ ಕೇಳಿದರೆ ಈ ಜಾಗದಲ್ಲಿ ಹೆಚ್ಚುಕಡಿಮೆ ಖಾಲಿ!

ಮೊದಲ ಹಾಡು ‘ವುಡಂಟ್ ಇಟ್ ಬಿ ನೈಸ್’ ನೋಡಿ. ಆಟಿಕೆಯ ಸಂಗೀತದಂತೆ ಗಿಟಾರ್ ಶುರುವಾಗುತ್ತದೆ. ಕಿವಿ ಅದಕ್ಕೆ ಒಗ್ಗುವ ಹೊತ್ತಿಗೆ ಡ್ರಮ್ಮಿನ ಒಂದೇ ಏಟು, ಮತ್ತು ಹಾಡು ಪೂರ್ತಿ ಬೇರೆ ಶ್ರುತಿಯಲ್ಲಿ! ಒಳಗೆ ಕುಣಿಸುತ್ತಿರುವುದು ಅಕಾರ್ಡಿಯನ್. ಮಾತು ಏನಪ್ಪಾ ಅಂದರೆ, ನಾವು ದೊಡ್ಡವರಾಗಿ ಮದುವೆಯಾಗಿ ಒಟ್ಟಿಗೆ ಇದ್ದುಬಿಟ್ಟರೆ ಎಷ್ಟು ಚೆನ್ನ. ಖುಷಿಯ ಹಾಡು ಅಂತ ಎಲ್ಲರೂ ಕುಣಿಯುತ್ತಾರೆ. ಆದರೆ ಅದರಲ್ಲಿ ಆದದ್ದು ಏನೂ ಇಲ್ಲ, ಎಲ್ಲ ‘ಆಗಿದ್ದರೆ’. ಕೊನೆಯ ಹೊತ್ತಿಗೆ ಹಾಡೇ ನಿಧಾನವಾಗುತ್ತದೆ, ಹುಡುಗನಿಗೂ ಅನುಮಾನ ಬಂದ ಹಾಗೆ. 13ನೇ ಹಾಡು ‘ಕ್ಯಾರೊಲೈನ್, ನೋ’ ತಲುಪುವಾಗ ಆ ಹುಡುಗಿ ಉದ್ದ ಕೂದಲು ಕತ್ತರಿಸಿಕೊಂಡಿದ್ದಾಳೆ, ಬದಲಾಗಿದ್ದಾಳೆ. ಕಥೆ ಅಂತ ಯಾರೂ ಹೇಳದಿದ್ದರೂ 36 ನಿಮಿಷಗಳಲ್ಲಿ ಒಂದು ಹರೆಯ ಮುಗಿದುಹೋಗುತ್ತದೆ.

ಮಾತು ಇಷ್ಟು ಸಾದಾ ಇರಲು ಕಾರಣ ಟೋನಿ ಆಶರ್. ಹೆಚ್ಚಿನ ಹಾಡುಗಳ ಸಾಹಿತ್ಯ ಅವನದು. ಕವಿಯೇನಲ್ಲ, ಜಾಹೀರಾತು ಏಜೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದವನು. ಮಾತನ್ನು ಮಾತಿನ ಹಾಗೇ ಬರೆಯುವುದು ಅವನಿಗೆ ಗೊತ್ತಿತ್ತು.

ಸದ್ದುಗಳ ಬಗ್ಗೆ ಬರೆಯುತ್ತಾ ಕೂತರೆ ಇವತ್ತು ಮುಗಿಯುವುದಿಲ್ಲ. ಒಂದೆರಡು ಮಾತ್ರ. ‘ಯು ಸ್ಟಿಲ್ ಬಿಲೀವ್ ಇನ್ ಮಿ’ ಮೊದಲು ಬಾಲ್ಯದ ಬಗ್ಗೆ ಇದ್ದ ಹಾಡು. ಅದಕ್ಕಾಗಿ ಸೈಕಲ್ ಬೆಲ್, ಹಾರ್ನ್ ಸೇರಿಸಿದ್ದರು. ಆಮೇಲೆ ಸಾಹಿತ್ಯ ಬದಲಾಯಿತು, ಬೆಲ್ ಮಾತ್ರ ಟ್ರ್ಯಾಕಿನಲ್ಲಿ ಬೆರೆತುಹೋಗಿತ್ತು, ಬಿಡಿಸಲು ಆಗಲಿಲ್ಲ. ಹಾಗಾಗಿ ಗಂಭೀರ ಪ್ರೇಮಗೀತೆಯ ಕೊನೆಗೆ ಇವತ್ತಿಗೂ ಒಂದು ಸೈಕಲ್ ಬರುತ್ತದೆ. ‘ಐ ಜಸ್ಟ್ ವಾಸಂಟ್ ಮೇಡ್ ಫಾರ್ ದೀಸ್ ಟೈಮ್ಸ್’ನಲ್ಲಿ ದೆವ್ವದ ಸಿನಿಮಾದ ಕೂಗಿನಂಥ ಒಂದು ದನಿ ಇದೆ. ಅದು ಪಾಲ್ ಟ್ಯಾನರ್ ನುಡಿಸಿದ ಎಲೆಕ್ಟ್ರೋ-ಥೆರೆಮಿನ್ ಎಂಬ ವಿದ್ಯುತ್ ವಾದ್ಯ. ‘ಕ್ಯಾರೊಲೈನ್, ನೋ’ ಶುರುವಿನ ಟೊಕ್ ಟೊಕ್ ನೀರಿನ ಖಾಲಿ ಕ್ಯಾನ್ ತಟ್ಟಿದ್ದು.

ಬ್ರಯನ್‌ಗೆ ಬಲಗಿವಿ ಹೆಚ್ಚುಕಡಿಮೆ ಕೇಳುತ್ತಿರಲಿಲ್ಲ. ಆಲ್ಬಂ ಅನ್ನು ಮೋನೋದಲ್ಲೇ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವಂತೆ, ಮಾಡಿದ. ಪಿಯಾನೋ, ಗಿಟಾರ್, ಆರ್ಗನ್ ಎಲ್ಲ ಒಂದೇ ಸಾಲು ನುಡಿಸಿ, ಯಾವುದೂ ಅಲ್ಲದ ಹೊಸ ವಾದ್ಯದಂತೆ ಕೇಳಿಸಬೇಕು ಎನ್ನುವುದು ಅವನ ಲೆಕ್ಕ. ಹುಳಿ ಕುದ್ದ ಮೇಲೆ ಕಾಯಿ ಯಾವುದು, ಕೊತ್ತಂಬರಿ ಯಾವುದು ಅಂತ ಹೆಕ್ಕಲು ಆಗುವುದಿಲ್ಲವಲ್ಲ, ಹಾಗೆ. 1990ರ ದಶಕದಲ್ಲಿ ಸ್ಟೀರಿಯೋ ಆವೃತ್ತಿಯೂ ಬಂತು. ಅದರಲ್ಲಿ ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಪಾಠಕ್ಕೆ ಒಳ್ಳೆಯದು. ಊಟಕ್ಕೆ ನನ್ನ ಓಟು ಮೋನೋಗೆ.

ನಿಮ್ಮ ಹಾಗೆ ‘ಅಷ್ಟೇ’ ಅಂದವರು ಆಗಲೂ ಇದ್ದರು. 1966ರ ಮೇ 16ಕ್ಕೆ ಆಲ್ಬಂ ಬಂದಾಗ ಅಮೆರಿಕದವರು ಬೀಚು, ಕಾರು ಹುಡುಕಿ ಸುಸ್ತಾದರು. ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಅದು 10ನೇ ಸ್ಥಾನದವರೆಗೆ ಹೋಯಿತು. ಕೆಟ್ಟದ್ದಲ್ಲ, ಆದರೆ ಈ ತಂಡಕ್ಕೆ ಕಡಿಮೆಯೇ. ಎರಡು ತಿಂಗಳು ತುಂಬುವುದರೊಳಗೆ ಕ್ಯಾಪಿಟಲ್ ರೆಕಾರ್ಡ್ ಕಂಪನಿ ಹಳೆಯ ಹಿಟ್ ಹಾಡುಗಳ ಸಂಗ್ರಹ ತಂದು ಇದರ ಪಕ್ಕದಲ್ಲೇ ಇಟ್ಟಿತು. ಇಂಗ್ಲೆಂಡಿನಲ್ಲಿ ಮಾತ್ರ 2ನೇ ಸ್ಥಾನ. ತಂಡದ ಬ್ರೂಸ್ ಜಾನ್‌ಸ್ಟನ್ ರೆಕಾರ್ಡ್ ಹಿಡಿದು ಲಂಡನ್ನಿಗೇ ಹೋಗಿ, ಹೋಟೆಲ್ ಕೋಣೆಯಲ್ಲಿ ಬೀಟಲ್ಸ್‌ನ ಲೆನನ್, ಮೆಕಾರ್ಟ್ನಿ ಇಬ್ಬರಿಗೂ ಕೇಳಿಸಿದ. ಮರುವರ್ಷದ ಬೀಟಲ್ಸ್ ಆಲ್ಬಂ ಮೇಲೆ ಇದರ ನೆರಳು ಇದೆ ಅಂತ ಮೆಕಾರ್ಟ್ನಿಯೇ ಹೇಳಿದ್ದಾನೆ.

ಎಲ್ಲವೂ ಚಿನ್ನವೇನಲ್ಲ. ‘ಸ್ಲೂಪ್ ಜಾನ್ ಬಿ’ ಬಹಾಮಾಸ್ ದ್ವೀಪದ ಜಾನಪದ ಹಾಡು, ಚೆನ್ನಾಗೇ ಇದೆ, ಸಿಂಗಲ್ ಆಗಿ ಓಡಿಯೂ ಓಡಿತು. ಆದರೆ ಇಲ್ಲಿ ಬೇರೆ ಮದುವೆಯ ನೆಂಟ ಬಂದು ಪಂಕ್ತಿಯಲ್ಲಿ ಕೂತಂತೆ ಕಾಣುತ್ತದೆ. ಹಾಡಿಲ್ಲದ ಎರಡು ವಾದ್ಯದ ತುಣುಕುಗಳಲ್ಲಿ ಒಂದನ್ನು ನಾನು ಈಗಲೂ ದಾಟಿಸುತ್ತೇನೆ. ಯಾವುದು ಅಂತ ಹೇಳಿದರೆ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಆಲ್ಬಂ ಮುಖಪುಟದ ಫೋಟೋ ಅಂತೂ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆಡುಗಳಿಗೆ ತಿನ್ನಿಸುವುದು. ಒಳಗಿನ ಸಂಗೀತಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಮೂರನೇ ಸಲ ಹೇಗೆ ಕೇಳುವುದು? ಇಡೀ ಆಲ್ಬಂ ಬೇಡ. ಒಳ್ಳೆಯ ಹೆಡ್‌ಫೋನ್ ಹಾಕಿ, ‘ಗಾಡ್ ಓನ್ಲಿ ನೋಸ್’ ಮಾತ್ರ ಮೂರು ಸಲ ಕೇಳಿ. ಒಂದು ಸಲ ಕಾರ್ಲ್‌ನ ದನಿ ಹಿಡಿದು. ಇನ್ನೊಂದು ಸಲ ಬೇಸ್ ಮಾತ್ರ ಹಿಡಿದು, ದನಿ ಎಷ್ಟೇ ಕರೆದರೂ ಅತ್ತ ಹೋಗದೆ. ಮೂರನೆಯ ಸಲ ಕೊನೆಗೆ ಕಾಯಿರಿ. ಅಲ್ಲಿ ಒಂದೇ ಸಾಲನ್ನು ದನಿಗಳು ಒಂದರ ಬೆನ್ನಿಗೊಂದು ಹಿಡಿದು ಸುತ್ತುತ್ತವೆ. ಮನೆಗೆ ಬಂದು ಸೇರುವುದೇ ಇಲ್ಲ, ಸುತ್ತುತ್ತಲೇ ಸಣ್ಣಗಾಗುತ್ತಾ ದೂರ ಹೋಗುತ್ತವೆ. ಅದು ಹಿಡಿಸಿದರೆ ಮರುದಿನ ಮೊದಲಿನಿಂದ ಹಾಕಿ. ಹಿಡಿಸದಿದ್ದರೆ ಬಿಟ್ಟುಬಿಡಿ, ಪ್ರಪಂಚದಲ್ಲಿ ಬೇರೆ ಹಾಡುಗಳಿವೆ.

ಒಂದು ಎಚ್ಚರಿಕೆ. ‘ಕ್ಯಾರೊಲೈನ್, ನೋ’ ಮುಗಿಯಿತು ಅಂತ ಹೆಡ್‌ಫೋನ್ ತೆಗೆಯಬೇಡಿ. ಒಂದು ರೈಲು ಹಾದುಹೋಗುತ್ತದೆ, ಎರಡು ನಾಯಿಗಳು ಬೊಗಳುತ್ತವೆ. ಅವು ನಿಮ್ಮ ಬೀದಿಯವಲ್ಲ. ಬ್ರಯನ್ ಸಾಕಿದ ಬನಾನಾ ಮತ್ತು ಲೂಯಿ.